ಬಂಧ ಒಡೆದರೆ ಶಕ್ತಿ ಬರುತ್ತದಾ, ಹೋಗುತ್ತದಾ? ಮಗಳ ಟೆಸ್ಟ್ ಪೇಪರ್ ತಂದ ತಲೆನೋವು

ಗೊಬ್ಬರದಂಗಡಿ_ಸಿಂಧನೂರು

ಎಲ್ಲರಿಗೂ ನಮಸ್ಕಾರ. ಸಿಂಧನೂರಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಮಗಳು ಹತ್ತನೇ ಕ್ಲಾಸು. ಮೊನ್ನೆ ಟ್ಯೂಷನ್‌ನಲ್ಲಿ ವಿಜ್ಞಾನದ ಟೆಸ್ಟ್ ಇತ್ತು. ಬಹಿರುಷ್ಣಕ (ಬಿಸಿ ಹೊರಬಿಡುವ), ಅಂತರುಷ್ಣಕ (ಬಿಸಿ ಹೀರುವ) ಕ್ರಿಯೆಗಳ ಮೇಲೆ ನಾಲ್ಕು ಅಂಕದ ಪ್ರಶ್ನೆ. ಅವಳು "ಬಂಧ ಒಡೆಯೋಕೆ ಶಕ್ತಿ ಬೇಕು" ಅಂತ ಬರೆದಿದ್ದಾಳೆ. ಬಂಧ ಅಂದರೆ ಪರಮಾಣುಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುವ ಹಿಡಿತವಂತೆ. ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ "ಬಂಧ ಒಡೆದಾಗ ಶಕ್ತಿ ಹೊರಬರುತ್ತದೆ, ಅದಕ್ಕೇ ಬಹಿರುಷ್ಣಕ" ಅಂತ ತಿದ್ದಿದ್ದಾರೆ. ಎರಡು ಅಂಕ ಹೋಯಿತು.

ಅಂಕದ ಚಿಂತೆ ನನಗಿಲ್ಲ. ಆದರೆ ಹುಡುಗಿ ಎರಡು ದಿನದಿಂದ ಮುಖ ಊದಿಸಿಕೊಂಡು ಕೂತಿದ್ದಾಳೆ. "ಅಪ್ಪಾ, ನಾನು ಬರೆದಿದ್ದೇ ಸರಿ" ಅಂತಾಳೆ. ನಾನು ಓದಿದ್ದು ಬಿ.ಕಾಂ. ನನಗೆ ಗೊತ್ತಿರೋದು ಜಮಾ ಮತ್ತು ಖರ್ಚು ಮಾತ್ರ. ಯಾರು ಸರಿ?

ಇನ್ನೊಂದು ನನ್ನದೇ ಪ್ರಶ್ನೆ. ಬಕೆಟ್ ನೀರಿಗೆ ಯೂರಿಯಾ ಹಾಕಿ ಕಲಕಿದರೆ ಬಕೆಟ್ ತಣ್ಣಗಾಗುತ್ತದೆ. ಸ್ಪ್ರೇ ಮಾಡುವ ರೈತರೆಲ್ಲ ನೋಡಿರ್ತಾರೆ. ನಮ್ಮ ಏಪ್ರಿಲ್ ಬಿಸಿಲಲ್ಲೂ ಹಾಗೇ ಆಗುತ್ತದೆ. ಚೀಲದಲ್ಲಿದ್ದ ಯೂರಿಯಾ ತಣ್ಣಗಿರಲಿಲ್ಲ, ಟ್ಯಾಂಕಿನ ನೀರಂತೂ ಕೈ ಸುಡುತ್ತಿತ್ತು. ಮತ್ತೆ ಆ ತಂಪು ಎಲ್ಲಿಂದ ಬಂತು?

ಅರ್ಧಜ್ಞಾನಿ

ಟ್ಯೂಷನ್ ಸರ್ ಸರಿ ಹೇಳಿದ್ದಾರೆ. ಪೆಟ್ರೋಲ್ ಬಂಧಗಳ ಒಳಗೆ ಶಕ್ತಿ ತುಂಬಿರುತ್ತದೆ. ಒಡೆದರೆ ಹೊರಗೆ ಬರುತ್ತದೆ. ತೆಂಗಿನಕಾಯಿ ಒಡೆದರೆ ನೀರು ಬಂದ ಹಾಗೆ. ಇದರಲ್ಲಿ ಏನು ಗೊಂದಲ?

ನಿವೃತ್ತ_ಮೇಷ್ಟ್ರು_ಬಳ್ಳಾರಿ

ನಿಮ್ಮ ಮಗಳು ಬರೆದದ್ದು ಸರಿ. ಗೀಟು ಎಳೆದದ್ದು ತಪ್ಪು. ಆದರೆ ಆ ಸರ್ ಒಬ್ಬರೇ ಅಲ್ಲ, ಈ ತಪ್ಪು ಅರ್ಧ ಊರು ಮಾಡುತ್ತದೆ. ನಾನೂ ಮೊದಲ ಎರಡು ವರ್ಷ ಹೀಗೇ ಪಾಠ ಮಾಡಿದ್ದೆ. ಈಗ ಒಪ್ಪಿಕೊಳ್ಳೋಕೆ ನಾಚಿಕೆ ಇಲ್ಲ, ಪಿಂಚಣಿ ಬರ್ತಾ ಇದೆ.

ಅರ್ಧಜ್ಞಾನಿಯವರೇ, ತೆಂಗಿನಕಾಯಿ ಬಿಡಿ, ಬಾವಿ ತಗೊಳ್ಳಿ. ಎರಡು ಪರಮಾಣು ಬಂಧದಲ್ಲಿವೆ ಅಂದರೆ ಬಾವಿಯ ತಳಕ್ಕೆ ಬಿದ್ದ ಕೊಡ ಇದ್ದ ಹಾಗೆ. ಅದನ್ನು ಮೇಲೆ ತರಬೇಕಾದರೆ ಹಗ್ಗ ಹಾಕಿ ಎಳೆಯಬೇಕು. ಎಳೆಯೋಕೆ ಶಕ್ತಿ ಬೇಕು. ಇದೇ ಬಂಧ ಒಡೆಯೋದು. ಯಾವ ಬಂಧವೇ ಇರಲಿ, ಒಡೆಯೋಕೆ ಖರ್ಚು ಇದ್ದೇ ಇದೆ. ಪುಕ್ಕಟೆ ಒಡೆಯುವ ಬಂಧ ಇಲ್ಲ. ಕೊಡ ಕೈಜಾರಿ ಬಾವಿಗೆ ಬಿತ್ತು ಅನ್ನಿ, ದಬ್ ಅಂತ ಸದ್ದು ಬರುತ್ತದೆ, ನೀರು ಎಗರುತ್ತದೆ. ಬಂಧ ಕೂಡಿದಾಗ ಆಗೋದು ಅದು. ಶಕ್ತಿ ಹೊರಬರುವುದು ಆಗ.

ಹಾಗಾದರೆ ಇಂಧನ ಅಂದರೆ ಏನು? ಆಳ ಕಡಿಮೆ ಇರುವ ಬಾವಿಯಲ್ಲಿರುವ ಕೊಡ. ಸ್ವಲ್ಪ ಎಳೆದರೆ ಮೇಲೆ ಬರುತ್ತದೆ. ಆಮೇಲೆ ಅದು ಹೋಗಿ ಬೀಳುವುದು ಪಕ್ಕದ ಆಳವಾದ ಬಾವಿಗೆ. ಎಳೆದ ಖರ್ಚಿಗಿಂತ ಬಿದ್ದ ಸದ್ದು ದೊಡ್ಡದು. ಆ ವ್ಯತ್ಯಾಸವೇ ನಮ್ಮ ಒಲೆಯ ಬಿಸಿ.

ಅರ್ಧಜ್ಞಾನಿ

ಕಥೆ ಚೆನ್ನಾಗಿದೆ ಮೇಷ್ಟ್ರೇ. ಲೆಕ್ಕ ಎಲ್ಲಿ?

ನಿವೃತ್ತ_ಮೇಷ್ಟ್ರು_ಬಳ್ಳಾರಿ

ತಗೊಳ್ಳಿ. ಅಡುಗೆ ಸಿಲಿಂಡರ್‌ನಲ್ಲಿರುವುದು ಪ್ರೊಪೇನ್, ಬ್ಯುಟೇನ್. ಅವುಗಳ ಲೆಕ್ಕ ಉದ್ದ. ಗೋಬರ್ ಗ್ಯಾಸ್‌ನಲ್ಲಿ ಉರಿಯುವ ಮೀಥೇನ್ ಸುಲಭ. ಮೋಲ್ ಅಂದರೆ ಅಣುಗಳನ್ನು ಎಣಿಸುವ ದೊಡ್ಡ ಅಳತೆ, ಡಜನ್ ಇದ್ದ ಹಾಗೆ. ಕಿಲೋಜೌಲ್ ಅಂದರೆ ಶಕ್ತಿಯ ಅಳತೆ. ಒಂದು ಮೋಲ್ ಮೀಥೇನ್ ಉರಿಯೋಕೆ ಎರಡು ಮೋಲ್ ಆಮ್ಲಜನಕ ಬೇಕು.

ಮೊದಲು ಖರ್ಚು. ಮೀಥೇನ್‌ನಲ್ಲಿ ಕಾರ್ಬನ್–ಹೈಡ್ರೋಜನ್ ಬಂಧ ನಾಲ್ಕು. ಒಂದೊಂದಕ್ಕೆ ಸುಮಾರು 413 ಕಿಲೋಜೌಲ್. ಒಟ್ಟು 1652. ಆಮ್ಲಜನಕದ ಜೋಡಿಬಂಧ ಎರಡು, ಒಂದಕ್ಕೆ 498. ಒಟ್ಟು 996. ಎರಡೂ ಸೇರಿ 2648 ಕಿಲೋಜೌಲ್ ಕೈಯಿಂದ ಹೋಯಿತು.

ಈಗ ಜಮಾ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎರಡು ಜೋಡಿಬಂಧ, ಒಂದಕ್ಕೆ 799. ಅದು 1598. ಎರಡು ನೀರಿನ ಅಣುವಿನಲ್ಲಿ ಆಮ್ಲಜನಕ–ಹೈಡ್ರೋಜನ್ ಬಂಧ ನಾಲ್ಕು, ಒಂದಕ್ಕೆ 463. ಅದು 1852. ಕೂಡಿಸಿದರೆ 3450.

3450 ರಲ್ಲಿ 2648 ಕಳೆಯಿರಿ. 802 ಕಿಲೋಜೌಲ್ ಉಳಿತಾಯ. ನೀರು ಹಬೆಯಾಗಿ ಹೋಗುತ್ತದೆ ಅಂತ ಇಟ್ಟುಕೊಂಡರೆ, ಮೀಥೇನ್ ಸುಟ್ಟು ಅಳೆದಾಗ ಸಿಗುವ ಸಂಖ್ಯೆಯೂ ಇದೇ. ಬಂಧದ ಅಂಕಿಗಳು ಸರಾಸರಿ, ಎಲ್ಲ ಲೆಕ್ಕದಲ್ಲೂ ಇಷ್ಟು ಚೆಂದ ಕೂಡಿಬರುವುದಿಲ್ಲ. ಇಲ್ಲಿ ಬಂದಿದೆ.

ಈ ಲೆಕ್ಕದಲ್ಲಿ ಇನ್ನೊಂದು ಮಜಾ ಇದೆ. ಎಲ್ಲರೂ ಇಂಧನದ ಹೊಗಳಿಕೆ ಮಾಡುತ್ತಾರೆ. ನನ್ನ ಕೇಳಿದರೆ ಅಸಲಿ ಕೆಲಸ ಆಮ್ಲಜನಕದ್ದು. ಗಾಳಿಯಲ್ಲಿರುವ ಸಾರಜನಕದ ಬಂಧ ಒಡೆಯೋಕೆ 945 ಕಿಲೋಜೌಲ್ ಬೇಕು. ಆಮ್ಲಜನಕಕ್ಕೆ 498 ಸಾಕು. ಅರ್ಧ ಬೆಲೆಗೆ ಬಿಡಿಸಿಕೊಳ್ಳಬಹುದಾದ ಬಂಧ ಅದು. ಅದಕ್ಕೇ ಆಮ್ಲಜನಕದಲ್ಲಿ ಬಹಳಷ್ಟು ವಸ್ತು ಉರಿಯುತ್ತವೆ. ಸಾರಜನಕ ಸುಮ್ನೆ ಕೂತಿರುತ್ತದೆ.

ಗೊಬ್ಬರದಂಗಡಿ_ಸಿಂಧನೂರು

ಜಮಾ ಖರ್ಚು ಅಂದಿದ್ದಕ್ಕೆ ನನಗೂ ಅರ್ಥ ಆಯಿತು ಸರ್. ಅಂದರೆ ಎಲ್ಲಾ ಕ್ರಿಯೆಯಲ್ಲೂ ಖರ್ಚೂ ಇರುತ್ತದೆ, ಜಮಾವೂ ಇರುತ್ತದೆ. ಜಮಾ ಜಾಸ್ತಿ ಆದರೆ ಬಹಿರುಷ್ಣಕ. ಖರ್ಚು ಜಾಸ್ತಿ ಆದರೆ ಅಂತರುಷ್ಣಕ. ಸರೀನಾ?

ನಿವೃತ್ತ_ಮೇಷ್ಟ್ರು_ಬಳ್ಳಾರಿ

ನೂರಕ್ಕೆ ನೂರು.

ಗಂಗಾವತಿ_ಅಕ್ಕ

ಮೇಷ್ಟ್ರೇ ಒಂದು ಸಂಶಯ. ಅಷ್ಟು ಲಾಭ ಇದ್ದರೆ ಸಿಲಿಂಡರ್ ಗ್ಯಾಸು ಗಾಳಿ ತಾಗಿದ ಕೂಡಲೇ ತಾನೇ ಹೊತ್ತಿಕೊಳ್ಳಬೇಕಿತ್ತು ಅಲ್ವಾ? ಲೈಟರ್ ಯಾಕೆ ಬೇಕು?

ನಿವೃತ್ತ_ಮೇಷ್ಟ್ರು_ಬಳ್ಳಾರಿ

ಮೊದಲ ಕೊಡ ಎಳೆಯೋಕೆ ಕೈಯಲ್ಲಿ ಬಂಡವಾಳ ಬೇಕಲ್ಲಾ ತಾಯಿ. ಲೈಟರ್ ಕಿಡಿ ಆ ಬಂಡವಾಳ. ಪಾಠದಲ್ಲಿ ಆಕ್ಟಿವೇಶನ್ ಎನರ್ಜಿ ಅಂತಾರೆ. ನಾಲ್ಕು ಅಣು ಉರಿದವು ಅಂದರೆ ಅವುಗಳ ಲಾಭದಲ್ಲೇ ಪಕ್ಕದ ನಲವತ್ತು ಉರಿಯುತ್ತವೆ. ಆಮೇಲೆ ಲೈಟರ್ ಬೇಡ.

ಮಕ್ಕಳು ಇಲ್ಲಿ ಎಡವುತ್ತಾರೆ. "ಶುರು ಮಾಡೋಕೆ ಬಿಸಿ ಕೊಟ್ಟೆವು, ಹಾಗಾಗಿ ಅಂತರುಷ್ಣಕ" ಅಂತ ಬರೆದುಬಿಡುತ್ತಾರೆ. ಶುರುವಿನ ಖರ್ಚು ಬೇರೆ, ಕೊನೆಯ ಲಾಭ ನಷ್ಟ ಬೇರೆ. ಪರೀಕ್ಷೆಗೆ ಒಂದು ಸುಲಭ ಗುರುತು: ಬೆಂಕಿ ತೆಗೆದ ಮೇಲೂ ತಾನೇ ನಡೆದರೆ ಬಹಿರುಷ್ಣಕ. ಬೆಂಕಿ ತೆಗೆದ ಕೂಡಲೇ ನಿಂತರೆ ಅಂತರುಷ್ಣಕ ಇರಬಹುದು ಅಂತ ಅನುಮಾನ ಪಡಿ.

ಗಂಗಾವತಿ_ಅಕ್ಕ

ನಮ್ಮದು ರೈಸ್ ಮಿಲ್ ಮನೆ. ಹಸಿ ಭತ್ತ ಒಣಗಿಸದೆ ರಾಶಿ ಹಾಕಿದರೆ ಎರಡೇ ದಿನಕ್ಕೆ ಕಾವು ಹಿಡಿಯುತ್ತದೆ. ಒಳಗೆ ಕೈ ಹಾಕಿದರೆ ಗೊತ್ತಾಗುತ್ತದೆ, ಜ್ವರ ಬಂದ ಮಗುವಿನ ಹೊಟ್ಟೆ ಮುಟ್ಟಿದ ಹಾಗೆ. ಅಲ್ಲಿ ಯಾರು ಲೈಟರ್ ಹಚ್ಚಿದರು?

ನಿವೃತ್ತ_ಮೇಷ್ಟ್ರು_ಬಳ್ಳಾರಿ

ಆಹಾ, ಒಳ್ಳೆ ಪ್ರಶ್ನೆ. ಅಲ್ಲಿ ಲೈಟರ್ ಹಚ್ಚುವುದು ಕಿಣ್ವಗಳು, ಅಂದರೆ ಜೀವಿಗಳ ಒಳಗೆ ಕ್ರಿಯೆ ಸುಲಭ ಮಾಡುವ ಎಂಜೈಮ್ ಅನ್ನುವ ವಸ್ತುಗಳು. ಕಾಳಿಗೆ ಜೀವ ಇದೆ, ಅದು ಉಸಿರಾಡುತ್ತದೆ. ತೇವ ಇದ್ದರೆ ಜೋರಾಗಿ ಉಸಿರಾಡುತ್ತದೆ. ಜೊತೆಗೆ ಬೂಷ್ಟು ಸೇರಿಕೊಳ್ಳುತ್ತದೆ. ಎರಡೂ ಪಿಷ್ಟವನ್ನು ಸಕ್ಕರೆ ಮಾಡಿ, ಸಕ್ಕರೆಯನ್ನು ಆಮ್ಲಜನಕದ ಜೊತೆ ಮೆಲ್ಲಗೆ ಸುಡುತ್ತವೆ. ಒಂದು ಮೋಲ್ ಗ್ಲೂಕೋಸ್‌ಗೆ ಸುಮಾರು 2800 ಕಿಲೋಜೌಲ್. ಒಲೆಯಲ್ಲಿ ಸುಟ್ಟರೂ ಅಷ್ಟೇ, ಭತ್ತದ ಹೊಟ್ಟೆಯಲ್ಲಿ ಸುಟ್ಟರೂ ಅಷ್ಟೇ. ಕಿಣ್ವ ಮಾಡುವುದು ಇಷ್ಟೇ: ಬೇಕಾದ ಬಂಡವಾಳ ಕಡಿಮೆ ಮಾಡುತ್ತದೆ. ಲಾಭ ಬದಲಾಗುವುದಿಲ್ಲ.

ಅದೇ ಭತ್ತ ಹೊಲದಲ್ಲಿದ್ದಾಗ ತಿರುಗಾಮುರುಗಾ. ಎಡದಂಡೆ ಕಾಲುವೆ ನೀರು, ಗಾಳಿಯ ಕಾರ್ಬನ್ ಡೈಆಕ್ಸೈಡ್, ಮೇಲೆ ನಮ್ಮ ಬಿಸಿಲು. ಎಲೆ ಆ 2800 ಅನ್ನು ಸೂರ್ಯನಿಂದ ಸಾಲ ತಗೊಂಡು ಕಟ್ಟಿಡುತ್ತದೆ. ಅದು ಅಂತರುಷ್ಣಕ. ನಿಮ್ಮ ಮಿಲ್ಲಿನ ಬಾಯ್ಲರ್‌ಗೆ ಹೊಟ್ಟು ಹಾಕಿದಾಗ ಹೊರಬರುವುದು ಅದೇ ಬಿಸಿಲು.

ತಿಪ್ಪೆರಾಯ

ನಮ್ಮ ತಿಪ್ಪೆಯೂ ಹಾಗೇ. ಚಳಿಗಾಲದ ಬೆಳಗ್ಗೆ ಕೆದರಿದರೆ ಹೊಗೆ ಆಡುತ್ತದೆ. ಊರ ನಾಯಿಗಳೆಲ್ಲ ಅಲ್ಲೇ ಮಲಗುತ್ತವೆ. ಅವಕ್ಕೆ ಬಹಿರುಷ್ಣಕ ಗೊತ್ತು.

ಫರ್ನೇಸ್_ಶಿಫ್ಟ್

ತೋರಣಗಲ್ಲು ಕಡೆ ಉಕ್ಕಿನ ಕೆಲಸದಲ್ಲಿದ್ದೇನೆ. ನೈಟ್ ಶಿಫ್ಟ್ ಮುಗಿಸಿ ಬಂದು ಇದನ್ನು ಓದಿ ನಿದ್ದೆ ಹೋಯಿತು. ಬ್ಲಾಸ್ಟ್ ಫರ್ನೇಸ್ (ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆ) ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೀತಾ ಇದ್ದೇನೆ. ಒಂದೇ ಕುಲುಮೆಯೊಳಗೆ ಎರಡೂ ಜಾತಿಯ ಕ್ರಿಯೆ ಒಟ್ಟಿಗೆ ನಡೆಯುತ್ತವೆ.

ಕೆಳಗಡೆ ಟುಯೇರ್ ಅನ್ನುವ ಗಾಳಿ ಕೊಳವೆಗಳಿಂದ ಸಾವಿರ ಡಿಗ್ರಿ ದಾಟಿದ ಬಿಸಿ ಗಾಳಿ ಊದುತ್ತೇವೆ. ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಆಮ್ಲಜನಕಕ್ಕೆ ಸಿಕ್ಕಿ ಉರಿಯುತ್ತದೆ. ಮೋಲ್‌ಗೆ 394 ಕಿಲೋಜೌಲ್ ಜಮಾ. ಆದರೆ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಸುಮ್ನೆ ಮೇಲೆ ಹೋಗುವುದಿಲ್ಲ. ಕೆಂಡದಂಥ ಕೋಕ್ ಮತ್ತೆ ಎದುರಾಗುತ್ತದೆ. ಅದರ ಜೊತೆ ಸೇರಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಈ ಕ್ರಿಯೆ 172 ಕಿಲೋಜೌಲ್ ನುಂಗುತ್ತದೆ. ಗಳಿಸಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ವಾಪಸ್!

ಕೇಳಿದರೆ ನಷ್ಟ ಅನಿಸುತ್ತದೆ. ಆದರೆ ನಮಗೆ ಬೇಕಾಗಿರುವುದೇ ಆ ಮೊನಾಕ್ಸೈಡ್. ಸಂಡೂರು ಕಡೆಯ ಅದಿರಿನಿಂದ ಆಮ್ಲಜನಕ ಕಿತ್ತುಕೊಳ್ಳುವುದು ಅದು. ಕಬ್ಬಿಣ ಬಿಡಿಸುವ ಆ ಹೆಜ್ಜೆ ಬಹಿರುಷ್ಣಕವೇ, ಆದರೆ ಬಹಳ ಬಡವ. ಒಂದು ಮೋಲ್ ಹೆಮಟೈಟ್‌ಗೆ, ಅಂದರೆ ಆ ಅದಿರಿನ ಕಬ್ಬಿಣದ ಆಕ್ಸೈಡ್‌ಗೆ, 25 ಕಿಲೋಜೌಲ್ ಅಷ್ಟೇ. ಅದರ ಮೇಲೆ ಸುಣ್ಣಕಲ್ಲು ಹಾಕಿರುತ್ತೇವೆ, ಅದು ಸುಡೋಕೂ ಶಾಖ ಬೇಡುತ್ತದೆ. ಮನೆ ನಡೆಸುವವರ ಲೆಕ್ಕ ಇದ್ದ ಹಾಗೆ. ಒಬ್ಬ ದುಡಿಯುವವ, ನಾಲ್ಕು ಜನ ಉಣ್ಣುವವರು.

ಇನ್ನೊಂದು ಗುಟ್ಟು. ಜ್ವಾಲೆ ಅತಿ ಬಿಸಿ ಆದರೆ ಗಾಳಿಯ ಜೊತೆ ಹಬೆ ಬಿಡುತ್ತಾರೆ. ಹಬೆ ಕೋಕ್ ಜೊತೆ ಸೇರಿ ಮೊನಾಕ್ಸೈಡ್, ಹೈಡ್ರೋಜನ್ ಆಗುತ್ತದೆ. ಅದು 131 ಕಿಲೋಜೌಲ್ ಎಳೆದುಕೊಳ್ಳುವ ಅಂತರುಷ್ಣಕ ಕ್ರಿಯೆ. ಅಂದರೆ ನಾವು ಕುಲುಮೆಗೆ ನೀರು ಸುರಿದು ತಣಿಸುವುದಿಲ್ಲ, ಒಂದು ರಾಸಾಯನಿಕ ಕ್ರಿಯೆ ಹಾಕಿ ತಣಿಸುತ್ತೇವೆ. ಹೊಸದಾಗಿ ಸೇರಿದಾಗ ಇದು ಗೊತ್ತಾಗಿ ಮೈ ಜುಂ ಅಂದಿತ್ತು.

ಅರ್ಧಜ್ಞಾನಿ

ಹಳಿ ಬೆಸೆಯುವ ಥರ್ಮಿಟ್ ಕೂಡ ಕಬ್ಬಿಣದ ಆಕ್ಸೈಡೇ ಅಲ್ವಾ? ಗುಂತಕಲ್ ಲೈನಿನಲ್ಲಿ ರಾತ್ರಿ ನೋಡಿದ್ದೇನೆ. ಬೆಳಕು ನೋಡಿದರೆ 25 ಕಿಲೋಜೌಲ್ ಅನಿಸೋದಿಲ್ಲ.

ಫರ್ನೇಸ್_ಶಿಫ್ಟ್

ಒಳ್ಳೆ ಪಾಯಿಂಟ್. ಅದೇ ಆಕ್ಸೈಡ್, ಆದರೆ ಆಮ್ಲಜನಕ ಕಿತ್ತುಕೊಳ್ಳುವವನು ಬೇರೆ. ಅಲ್ಯೂಮಿನಿಯಂ. ಅದು ಆಮ್ಲಜನಕವನ್ನು ಹಿಡಿದುಕೊಳ್ಳುವ ಬಿಗಿ ಕಬ್ಬಿಣಕ್ಕಿಲ್ಲ. ಮೋಲ್‌ಗೆ ಸುಮಾರು 850 ಕಿಲೋಜೌಲ್ ಬರುತ್ತದೆ. ಹುಟ್ಟಿದ ಕಬ್ಬಿಣ ಕರಗಿಯೇ ಕೆಳಗೆ ಇಳಿಯುತ್ತದೆ. ಮೇಷ್ಟ್ರ ಭಾಷೆಯಲ್ಲಿ ಹೇಳಿದರೆ ಅಲ್ಯೂಮಿನಿಯಂ ಬಾವಿ ಬಹಳ ಆಳ. ಮತ್ತೆ ನೆನಪಿಡಿ, ಅಷ್ಟು ಲಾಭದ ಕ್ರಿಯೆ ಕೂಡ ತಾನಾಗಿ ಶುರುವಾಗುವುದಿಲ್ಲ. ಪುಡಿ ಚೀಲದಲ್ಲಿ ತಣ್ಣಗೆ ಕೂತಿರುತ್ತದೆ. ಹಚ್ಚೋಕೆ ಜೋರು ಬೆಂಕಿ ಬೇಕು.

ಗಾರೆ_ಮೇಸ್ತ್ರಿ_ಆನೆಗೊಂದಿ

ಸುಣ್ಣದ ಮಾತು ಬಂತು, ಅದಕ್ಕೆ ಬರೀತೀನಿ. ನಾನು ಎಂಟನೇ ಕ್ಲಾಸು. ನಮ್ಮಪ್ಪ ಗಾರೆ ಕೆಲಸದವರು. ದಸರೆ ಮುಂಚೆ ಮನೆಗಳಿಗೆ ಸುಣ್ಣ ಹೊಡೆಯೋರು. ಸುಣ್ಣದ ಹರಳು ತಂದು ಹಳೇ ಡ್ರಮ್ಮಿಗೆ ಹಾಕಿ ನೀರು ಬಿಡೋರು. ಐದು ನಿಮಿಷಕ್ಕೆ ಗಳಗಳ ಕುದಿಯೋದು. ಕೆಳಗೆ ಬೆಂಕಿ ಇಲ್ಲ ಏನಿಲ್ಲ. ನಾವು ಹುಡುಗರು ಗೆಣಸು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು ಬೇಯಿಸೋಕೆ ನೋಡಿದ್ವಿ, ಬೈಸಿಕೊಂಡ್ವಿ.

ಒಂದು ಸಲ ಬಗ್ಗಿ ನೋಡುವಾಗ ಹರಳು ಸಿಡಿದು ಕಣ್ಣಿಗೆ ಬಿತ್ತು. ಅಪ್ಪ ತಲೆ ಹಿಡಿದು ಬೋರಿನ ಕೆಳಗೆ ಅರ್ಧ ಗಂಟೆ ನೀರು ಬಿಟ್ಟರು, ಆಮೇಲೆ ಆಸ್ಪತ್ರೆ. ಅಷ್ಟು ನೀರು ಬಿಟ್ಟಿದ್ದಕ್ಕೇ ಕಣ್ಣು ಉಳಿಯಿತು ಅಂದರು ಡಾಕ್ಟರು. ಇವತ್ತಿಗೂ ಎಡಗಣ್ಣು ಸ್ವಲ್ಪ ಮಂಜು. ಮಕ್ಕಳು ಶಾಲೆಯಲ್ಲಿ ಇದನ್ನು ಮಾಡ್ತಾರಂತೆ. ಬಗ್ಗಿ ನೋಡಬೇಡಿ ಅಂತ ಹೇಳಿ.

ನನ್ನ ಪ್ರಶ್ನೆ ಇಷ್ಟೇ. ಆ ಬಿಸಿ ಕಲ್ಲಿನೊಳಗೆ ಎಲ್ಲಿತ್ತು? ಹರಳು ಮುಟ್ಟಿದರೆ ತಣ್ಣಗೇ ಇರುತ್ತದಲ್ಲ.

ನಿವೃತ್ತ_ಮೇಷ್ಟ್ರು_ಬಳ್ಳಾರಿ

ಮೇಸ್ತ್ರಿಗಳೇ, ನಲವತ್ತು ವರ್ಷ ಪಾಠ ಮಾಡಿದೆ. ಇಷ್ಟು ಒಳ್ಳೆ ಪ್ರಶ್ನೆ ಯಾವ ಹುಡುಗನೂ ಕೇಳಲಿಲ್ಲ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಸುಣ್ಣಕಲ್ಲನ್ನು ಭಟ್ಟಿಗೆ ಹಾಕಿದರು. ಸುಮಾರು 900 ಡಿಗ್ರಿಗೆ ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು ಸುಟ್ಟ ಸುಣ್ಣ ಆಗುತ್ತದೆ. ನಿಮ್ಮ ಹರಳು ಅದು. ಈ ಹೆಜ್ಜೆಗೆ ಮೋಲ್‌ಗೆ 178 ಕಿಲೋಜೌಲ್ ಖರ್ಚು. ಪೂರ್ತಿ ಅಂತರುಷ್ಣಕ. ಬೆಂಕಿ ಆರಿಸಿದರೆ ಅಲ್ಲೇ ನಿಲ್ಲುತ್ತದೆ, ಒಳಗೆ ಹಸಿ ಕಲ್ಲು ಉಳಿಯುತ್ತದೆ. ನಿಮ್ಮಪ್ಪ ಅಂಥ ಹರಳನ್ನು ವಾಪಸ್ ಕಳಿಸಿರ್ತಾರೆ.

ನೀವು ಡ್ರಮ್ಮಿಗೆ ನೀರು ಬಿಟ್ಟಿರಿ. ಸುಟ್ಟ ಸುಣ್ಣ ಅರಳಿದ ಸುಣ್ಣ ಆಯಿತು. 65 ಕಿಲೋಜೌಲ್ ಹೊರಗೆ ಬಂತು. ಒಂದು ಕಿಲೋ ಹರಳಿಗೆ ಲೆಕ್ಕ ಹಾಕಿದರೆ 1160 ಕಿಲೋಜೌಲ್ ಆಗುತ್ತದೆ. ಒಂದಿಷ್ಟೂ ಸೋರದಿದ್ದರೆ ಮೂರು ನಾಲ್ಕು ಲೀಟರ್ ನೀರನ್ನು ಕುದಿಯುವ ತನಕ ತರುವಷ್ಟು. ನಿಮ್ಮ ಗೆಣಸು ಬೇಯುತ್ತಿತ್ತು, ತಿನ್ನೋಕೆ ಮಾತ್ರ ಆಗುತ್ತಿರಲಿಲ್ಲ.

ಆಮೇಲೆ ಗೋಡೆಗೆ ಬಳಿದಿರಿ. ಎರಡು ಮೂರು ದಿನದಲ್ಲಿ ಗೋಡೆ ಬೆಳ್ಳಗೆ ಹೊಳೆಯೋಕೆ ಶುರುವಾಯಿತು. ಅರಳಿದ ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು, ನೀರು ಬಿಟ್ಟು, ತೆಳ್ಳಗಿನ ಸುಣ್ಣಕಲ್ಲಿನ ಪದರ ಆಯಿತು. ಇದೂ ಬಹಿರುಷ್ಣಕ. 113 ಕಿಲೋಜೌಲ್. ಆದರೆ ಎಷ್ಟು ಮೆಲ್ಲಗೆ ಅಂದರೆ ಗೋಡೆ ಮುಟ್ಟಿದರೆ ಬಿಸಿ ಗೊತ್ತೇ ಆಗುವುದಿಲ್ಲ.

ಈಗ ಕೂಡಿಸಿ. 65 ಮತ್ತು 113. ಎಷ್ಟು? 178.

ಭಟ್ಟಿಯಲ್ಲಿ ಕಲ್ಲಿಗೆ ಕೊಟ್ಟದ್ದು 178. ಅದು ವಾಪಸ್ ಬಂದದ್ದು ಎರಡು ಕಂತಿನಲ್ಲಿ. ಮೊದಲ ಕಂತು ನಿಮ್ಮ ಡ್ರಮ್ಮಿನಲ್ಲಿ ಗಲಾಟೆ ಮಾಡಿಕೊಂಡು ಬಂತು. ಎರಡನೇ ಕಂತು ಗೋಡೆಯ ಮೇಲೆ ಸದ್ದಿಲ್ಲದೆ ಬಂತು. ಕಲ್ಲು ಮತ್ತೆ ಕಲ್ಲಾಯಿತು, ಸಾಲ ಚುಕ್ತಾ. ನೀವು ಕೇಳಿದ ಬಿಸಿ ಹರಳಿನೊಳಗೆ ಬಿಸಿಯಾಗಿ ಇರಲಿಲ್ಲ. ಅದಕ್ಕೇ ಮುಟ್ಟಿದರೆ ತಣ್ಣಗಿತ್ತು. ಕೂಡಿಕೊಳ್ಳೋಕೆ ಜೊತೆ ಇಲ್ಲದೆ ಬಾವಿಯ ದಂಡೆ ಮೇಲೆ ಕೂತ ಕೊಡ ಅದು. ನೀರು ಸಿಕ್ಕಿತು, ಬಿತ್ತು.

ಯಾವ ದಾರಿಯಲ್ಲಿ ಹೋದರೂ, ಎಷ್ಟು ಹೆಜ್ಜೆಯಲ್ಲಿ ಹೋದರೂ ಶುರು ಮತ್ತು ಕೊನೆ ಒಂದೇ ಆದರೆ ಶಾಖದ ಒಟ್ಟು ಲೆಕ್ಕ ಒಂದೇ. ಇದನ್ನು 1840 ರಲ್ಲಿ ರಷ್ಯಾದಲ್ಲಿದ್ದ ಹೆಸ್ ಅನ್ನುವವರು ಹೇಳಿದರು. ನಮ್ಮ ಪಿಯುಸಿ ಮಕ್ಕಳು ಹೆಸ್ ನಿಯಮ ಅಂತ ಬಾಯಿಪಾಠ ಮಾಡುತ್ತಾರೆ. ಮನೆಯ ಗೋಡೆಯ ಮೇಲೇ ಇದೆ ಅಂತ ಯಾರೂ ತೋರಿಸಿರುವುದಿಲ್ಲ.

ಗಾರೆ_ಮೇಸ್ತ್ರಿ_ಆನೆಗೊಂದಿ

ಎರಡು ಸಲ ಓದಿದೆ ಸರ್. ಸುಣ್ಣದ ಗೋಡೆ ಹಳೆಯದಾದಷ್ಟು ಗಟ್ಟಿ ಅಂತ ಅಪ್ಪ ಹೇಳ್ತಿದ್ದರು. ಹಂಪಿ ಕಡೆ ಹಳೇ ಗಾರೆ ಉಳಿ ಹಾಕಿದರೂ ಬರಲ್ಲ. ಈಗ ಗೊತ್ತಾಯಿತು, ಅದು ಕಲ್ಲಾಗ್ತಾ ಇರುತ್ತದೆ.

ಅರ್ಧಜ್ಞಾನಿ

ನಾನು ತೆಂಗಿನಕಾಯಿ ವಾಪಸ್ ತಗೊಂಡೆ.

ಪಿಯುಸಿ_ಎರಡನೇ_ಸಲ

ನಮಸ್ತೆ ಸರ್, ರಾಯಚೂರಿನಿಂದ. ಎಲ್ಲರೂ ಯೂರಿಯಾ ಮರೆತಿರಿ. ನಷ್ಟದ ವ್ಯಾಪಾರ ಯಾರಾದರೂ ತಾನಾಗಿ ಮಾಡುತ್ತಾರಾ? ಕರಗೋಕೆ ಶಕ್ತಿ ಬೇಕು ಅಂದರೆ ಯೂರಿಯಾ ಸುಮ್ನೆ ತಳದಲ್ಲಿ ಕೂತಿರಬೇಕಿತ್ತು. ನಾವು ಬಿಸಿಯನ್ನೇ ಕೊಡಲಿಲ್ಲ, ಆದರೂ ಕರಗಿತು. ಇದೇ ಪ್ರಶ್ನೆ ಕ್ಲಾಸಿನಲ್ಲಿ ಕೇಳಿದ್ದಕ್ಕೆ "ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ" ಅಂದರು.

ನಿವೃತ್ತ_ಮೇಷ್ಟ್ರು_ಬಳ್ಳಾರಿ

ಕೂತ್ಕೋಬೇಡ ತಮ್ಮಾ, ನಿಂತೇ ಇರು. ಸರಿಯಾದ ಪ್ರಶ್ನೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಯೂರಿಯಾ ಕರಗುವುದು ಕಟ್ಟುನಿಟ್ಟಾಗಿ ನೋಡಿದರೆ ರಾಸಾಯನಿಕ ಕ್ರಿಯೆ ಅಲ್ಲ. ಹೊಸ ವಸ್ತು ಹುಟ್ಟುವುದಿಲ್ಲ. ನೀರು ಆರಿಸಿದರೆ ಯೂರಿಯಾ ಯೂರಿಯಾವೇ. ಹರಳಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಅಣುಗಳನ್ನು ಬಿಡಿಸುವ ಖರ್ಚು, ಅವು ನೀರಿಗೆ ಅಂಟಿಕೊಂಡಾಗ ಬರುವ ಜಮಾಕ್ಕಿಂತ ಜಾಸ್ತಿ. ಮೋಲ್‌ಗೆ ಸುಮಾರು 15 ಕಿಲೋಜೌಲ್ ಕೊರತೆ. ಆ ಕೊರತೆಯನ್ನು ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಸಿಂಧನೂರಿನವರೇ, ತಂಪು ಎಲ್ಲಿಂದಲೂ ಬರಲಿಲ್ಲ. ನೀರಿನ ಬಿಸಿ ಯೂರಿಯಾ ಬಿಡಿಸುವ ಕೂಲಿಗೆ ಹೋಯಿತು. ಉಳಿದದ್ದು ತಂಪು ಅನಿಸಿತು. ಕಾಸ್ಟಿಕ್ ಸೋಡಾ ಹಾಕಿ ನೋಡಿದರೆ ಉಲ್ಟಾ. ಅಲ್ಲಿ ನೀರಿಗೆ ಅಂಟಿಕೊಂಡ ಜಮಾವೇ ಜಾಸ್ತಿ, ಬಕೆಟ್ ಕೈ ಸುಡುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ.

ಈಗ ನಿನ್ನ ಪ್ರಶ್ನೆ. ನಷ್ಟ ಇದ್ದರೂ ಯಾಕೆ ಆಗುತ್ತದೆ? ಯಾಕೆಂದರೆ ಶಕ್ತಿಯ ಲಾಭ ನಷ್ಟ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆ ನೋಡಿದ್ದೀಯಾ? ತೇರು ಎಳೆಯುವಾಗ ಜನ ಒಂದೇ ಕಡೆ ಒತ್ತಾಗಿ ನಿಂತಿರುತ್ತಾರೆ. ಮುಗಿದ ಮೇಲೆ ಯಾರೂ ತಳ್ಳದಿದ್ದರೂ ಚದುರುತ್ತಾರೆ. ಒತ್ತಾಗಿ ನಿಲ್ಲುವ ರೀತಿ ಕೆಲವೇ, ಚದುರುವ ರೀತಿ ಲಕ್ಷ. ಹರಳಿನಲ್ಲಿ ಸಾಲಾಗಿ ಕಟ್ಟಿಹಾಕಿದ ಅಣುಗಳಿಗೆ ಬಕೆಟ್ ತುಂಬ ಓಡಾಡುವ ಅವಕಾಶ ಸಿಕ್ಕಿತು. ಆ ಅವಕಾಶದ ಬೆಲೆ ಈ 15 ಕಿಲೋಜೌಲ್ ನಷ್ಟಕ್ಕಿಂತ ಹೆಚ್ಚು. ಇದರ ಹೆಸರು ಎಂಟ್ರೋಪಿ.

ಒಂದು ವ್ಯತ್ಯಾಸ ಮಾತ್ರ ಇದೆ. ಜಾತ್ರೆಯ ಜನಕ್ಕೆ ಮನೆ ಸೇರುವ ಆಸೆ ಇರುತ್ತದೆ. ಅಣುವಿಗೆ ಯಾವ ಆಸೆಯೂ ಇಲ್ಲ, ಬರೀ ಲೆಕ್ಕ.

ಗಂಗಾವತಿ_ಅಕ್ಕ

ನಿಜವಾದ ಅಂತರುಷ್ಣಕ ಕ್ರಿಯೆ ಅಡುಗೆಮನೆಯಲ್ಲಿ ಇದೆಯಾ ಮೇಷ್ಟ್ರೇ? ಮಣ್ಣಿನ ಮಡಕೆ ಅನ್ನಬೇಡಿ, ಅದು ಬರೀ ನೀರು ಆರುವುದು ಅಂತ ನನಗೂ ಗೊತ್ತು.

ನಿವೃತ್ತ_ಮೇಷ್ಟ್ರು_ಬಳ್ಳಾರಿ

ಇದೆ. ಅಡುಗೆ ಸೋಡಾ ಮತ್ತು ನಿಂಬೆರಸ. ಬುಸ್ ಅಂತ ನೊರೆ ಬರುತ್ತದೆ. ನೋಡಿದವರೆಲ್ಲ ಬಿಸಿಯಾಗುತ್ತದೆ ಅಂದುಕೊಳ್ಳುತ್ತಾರೆ, ಯಾಕೆಂದರೆ ಕುದಿದ ಹಾಗೆ ಕಾಣುತ್ತದೆ. ಥರ್ಮಾಮೀಟರ್ ಇಟ್ಟು ನೋಡಿ, ಕೆಳಗೆ ಇಳಿಯುತ್ತದೆ. ಅಲ್ಲಿ ಹೊಸ ವಸ್ತು ಹುಟ್ಟಿದೆ, ಗ್ಯಾಸ್ ಹೊರಗೆ ಹೋಗಿದೆ. ಅಸಲಿ ರಾಸಾಯನಿಕ ಕ್ರಿಯೆ, ಅಸಲಿ ಅಂತರುಷ್ಣಕ. ಬೇರಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಕ್ಲೋರೈಡ್ ಪ್ರಯೋಗವೂ ಚೆಂದ. ಆದರೆ ಬೇರಿಯಂ ವಿಷ, ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಅದು ಶಾಲೆಯಲ್ಲೇ ಇರಲಿ. ಜ್ವರ ನೋಡುವ ಥರ್ಮಾಮೀಟರ್ ಬಳಸಬೇಡಿ, ಅದು 35ರ ಕೆಳಗೆ ತೋರಿಸುವುದಿಲ್ಲ.

ಗೊಬ್ಬರದಂಗಡಿ_ಸಿಂಧನೂರು

ಎರಡು ದಿನ ಆಯಿತು, ವರದಿ ಕೊಡ್ತೀನಿ. ಲ್ಯಾಬ್ ಥರ್ಮಾಮೀಟರ್ ಒಬ್ಬರ ಹತ್ತಿರ ಕೇಳಿ ತಂದೆ. ಮಗಳೇ ಎಲ್ಲ ಮಾಡಿದಳು, ನಾನು ಬರೆದುಕೊಂಡೆ.

ಒಂದನೇದು, ಸ್ಟೀಲ್ ಲೋಟದಲ್ಲಿ ನಿಂಬೆರಸ, ಅಡುಗೆ ಸೋಡಾ. ಶುರುವಿನಲ್ಲಿ 31 ಡಿಗ್ರಿ. ನೊರೆ ಇಳಿಯುವ ಹೊತ್ತಿಗೆ 27. ನನ್ನ ಹೆಂಡತಿ "ಬಿಸಿ ಆಗುತ್ತೆ" ಅಂತ ಹತ್ತು ರೂಪಾಯಿ ಪಂದ್ಯ ಕಟ್ಟಿದ್ದಳು.

ಎರಡನೇದು, 250 ಎಂ.ಎಲ್. ನೀರಿಗೆ 50 ಗ್ರಾಂ ಯೂರಿಯಾ. 31 ರಿಂದ 22ಕ್ಕೆ ಬಂತು. ಮಗಳು ಲೆಕ್ಕ ಹಾಕಿದಳು. 50 ಗ್ರಾಂ ಅಂದರೆ ಮೋಲ್‌ನ ಆರರಲ್ಲಿ ಐದು ಪಾಲು, 15ರ ಲೆಕ್ಕದಲ್ಲಿ ಹನ್ನೆರಡೂವರೆ ಕಿಲೋಜೌಲ್, ಹಾಗಾಗಿ ಹತ್ತು ಡಿಗ್ರಿ ಹತ್ತಿರ ಇಳಿಯಬೇಕು ಅಂದಳು. ಒಂಬತ್ತು ಇಳಿಯಿತು. ಉಳಿದದ್ದು ಲೋಟ ಮತ್ತು ಗಾಳಿ ತಿಂದಿರಬೇಕು ಅಂತ ಅವಳೇ ಹೇಳಿದಳು.

ಮೀಥೇನ್ ಲೆಕ್ಕವನ್ನು ಬಿಳಿ ಹಾಳೆಯಲ್ಲಿ ಬರೆದುಕೊಂಡು ಟ್ಯೂಷನ್‌ಗೆ ಹೋಗಿದ್ದಳು. ಸರ್ ಹತ್ತು ನಿಮಿಷ ನೋಡಿದರಂತೆ. ಏನೂ ಮಾತಾಡಲಿಲ್ಲ. ಕೆಂಪು ಪೆನ್ನು ತಗೊಂಡು ಎರಡು ಅಂಕ ಸೇರಿಸಿದರಂತೆ. ಮರುದಿನ ಬೋರ್ಡಿನ ಮೇಲೆ ಅದೇ ಲೆಕ್ಕ ಎಲ್ಲರಿಗೂ ಮಾಡಿಸಿದರು.

ನಿವೃತ್ತ_ಮೇಷ್ಟ್ರು_ಬಳ್ಳಾರಿ

ಆ ಸರ್‌ಗೆ ನನ್ನ ನಮಸ್ಕಾರ ಹೇಳಿ. ನನಗೆ ಎರಡು ವರ್ಷ ಬೇಕಾಗಿತ್ತು.

ಗಂಗಾವತಿ_ಅಕ್ಕ

ಯೂರಿಯಾ ನೀರು ಏನು ಮಾಡಿದಿರಿ ಅಣ್ಣಾ?

ಗೊಬ್ಬರದಂಗಡಿ_ಸಿಂಧನೂರು

ಚೆಲ್ಲೋದು ಯಾಕೆ ಅಂತ ಅಂಗಳದ ದಾಸವಾಳದ ಕುಂಡಕ್ಕೆ ಹಾಕೋಕೆ ಹೊರಟಿದ್ದೆ.

ತಿಪ್ಪೆರಾಯ

ಹಂಗೇ ಹಾಕಬೇಡ್ರಿ! ಗೊಬ್ಬರದಂಗಡಿ ಇಟ್ಟವರು ನೀವೇ ಹಿಂಗಂದ್ರೆ ಹೆಂಗೆ? ಹತ್ತು ಪಟ್ಟು ನೀರು ಬೆರೆಸಿ. ಇಲ್ಲಾಂದ್ರೆ ಗಿಡ ಸುಟ್ಟುಹೋಗುತ್ತದೆ.

ಪಿಯುಸಿ_ಎರಡನೇ_ಸಲ

22 ಡಿಗ್ರಿ ನೀರು ಹಾಕಿದರೆ ಸುಡುತ್ತದಾ? ಅದು ಯಾವ ಉಷ್ಣಕ ಸರ್?

ನಿವೃತ್ತ_ಮೇಷ್ಟ್ರು_ಬಳ್ಳಾರಿ

ಅದು ಬೇರೆ ಸುಡುವುದು ತಮ್ಮಾ. ಗೊಬ್ಬರ ಜಾಸ್ತಿ ಆದರೆ ಮಣ್ಣಿನ ನೀರು ಬೇರಿಗೆ ಹೋಗುವ ಬದಲು ಬೇರಿನ ನೀರೇ ಹೊರಗೆ ಬರುತ್ತದೆ, ಗಿಡ ಒಣಗುತ್ತದೆ. ಅದಕ್ಕೆ ಇನ್ನೊಂದು ದಿನ ಕೂರೋಣ. ಈಗ ಊಟದ ಹೊತ್ತು, ಮನೆಯಲ್ಲಿ ಎರಡು ಸಲ ಕರೆದಾಯಿತು.